ಮೇ ಮುಗಿದರೆ ಈಜೂ ಮುಗಿಯಿತೇ?

ಮಾನ್ಯ ಸಂಪಾದಕರೇ,

ನಗರದ ಈಜುಕೊಳಗಳಲ್ಲಿ ನಡೆದ ಬೇಸಿಗೆ ಶಿಬಿರಗಳ ಸಮಾರೋಪದ ಬಗ್ಗೆ ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿದೆ. ಮೆಡಲ್ ಹಾಕಿಕೊಂಡ ಮಕ್ಕಳ ಫೋಟೊ ಚೆನ್ನಾಗಿತ್ತು. ಆದರೆ ‘ಶಿಬಿರದಲ್ಲಿ ಈಜು ಕಲಿತ ಮಕ್ಕಳು’ ಎಂಬ ಮಾತಿಗೆ ನನ್ನ ತಕರಾರಿದೆ. ಅವರು ಕಲಿಯಲು ಶುರು ಮಾಡಿದ್ದಾರೆ, ಅಷ್ಟೇ. ಜೂನ್‌ನಿಂದ ಮುಂದಿನ ಪಾಠ ಯಾರು ಹೇಳಿಕೊಡುತ್ತಾರೆ ಎಂಬ ಪ್ರಶ್ನೆಯನ್ನು ವರದಿ ಕೇಳಲೇ ಇಲ್ಲ.

ನಾಲ್ಕನೇ ತರಗತಿಯಲ್ಲಿರುವ ನನ್ನ ಮಗಳು ನಮ್ಮ ಬಡಾವಣೆಯ ಸಾರ್ವಜನಿಕ ಕೊಳದ ಬೇಸಿಗೆ ತಂಡದಲ್ಲಿದ್ದಾಳೆ. ಮೇ ಕೊನೆಯಲ್ಲಿ ಅಕ್ಕಪಕ್ಕದ ಕೊಳಗಳ ಮಕ್ಕಳ ಜೊತೆ ರಿಲೇ ನಡೆಯುತ್ತದೆ. ಆ ಉತ್ಸಾಹ ಆರುವ ಮೊದಲೇ ಮುಂದಿನ ತರಗತಿಗೆ ಸೇರಿಸೋಣವೆಂದು ಹೋಗಿ ಕೇಳಿದೆ. ಕೌಂಟರಿನಲ್ಲಿದ್ದವರು, ‘ಎರಡೇ ಬ್ಯಾಚ್ ಮೇಡಂ. ಒಂದು ಜನರಲ್ ಬ್ಯಾಚ್, ಅದಕ್ಕೆ ಕೋಚ್ ಇರಲ್ಲ. ಇನ್ನೊಂದು ಕಾಂಪಿಟೇಶನ್ ಬ್ಯಾಚ್, ವಾರಕ್ಕೆ ಆರು ದಿನ, ಬೆಳಗ್ಗೆ ಐದೂವರೆಗೆ ಬರಬೇಕು’ ಎಂದರು. ಇವೆರಡರ ನಡುವಿನದು ಏನೂ ಇಲ್ಲವೇ ಎಂದರೆ, ‘ಏಪ್ರಿಲ್‌ನಲ್ಲಿ ಬನ್ನಿ’ ಎಂಬ ಉತ್ತರ.

ಬೇಸಿಗೆ ತಂಡದ ಹೆಚ್ಚಿನ ಮಕ್ಕಳಿಗೆ ಬೇಕಿರುವುದು ಆ ನಡುವಿನದೇ. ನನ್ನ ಮಗಳ ಫ್ರೀಸ್ಟೈಲನ್ನೇ ನೋಡಿ. ಉಸಿರಿಗಾಗಿ ಅವಳು ಮುಖವನ್ನು ಪಕ್ಕಕ್ಕೆ ಹೊರಳಿಸುವುದಿಲ್ಲ, ತಲೆಯನ್ನೇ ಮುಂದಕ್ಕೆ ಎತ್ತುತ್ತಾಳೆ. ತಲೆ ಎದ್ದ ಕೂಡಲೇ ಸೊಂಟ ಕೆಳಗಿಳಿಯುತ್ತದೆ, ಕಾಲು ಬಡಿಯುವುದು ನಿಲ್ಲುತ್ತದೆ, ಎರಡು ಕೈ ಬೀಸುವಷ್ಟರಲ್ಲಿ ಸುಸ್ತು. ಇದನ್ನು ಸರಿಪಡಿಸುವ ಕ್ರಮ ಬಲ್ಲ ಕೋಚ್‌ಗಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಒಂದು ಕೈ ಮುಂದೆ ಚಾಚಿ ಪಕ್ಕಕ್ಕೆ ಮಲಗಿ ಕಾಲು ಬಡಿಯುವುದು, ನೀರೊಳಗೆ ಮೂಗಿನಿಂದ ಉಸಿರು ಬಿಡುವುದು, ಒಂದು ಕಿವಿ ನೀರಿನಲ್ಲೇ ಇರುವಂತೆ ತಲೆ ಹೊರಳಿಸಿ ಉಸಿರೆಳೆಯುವುದು. ನಿಧಾನದ ಕೆಲಸ ಇದು. ನೂರು ಮಕ್ಕಳು ಒಟ್ಟಿಗೆ ಇಳಿಯುವ ಏಪ್ರಿಲ್‌ನಲ್ಲಿ ಇದಕ್ಕೆ ಪುರಸೊತ್ತಿಲ್ಲ. ಕೊಳ ಖಾಲಿ ಹೊಡೆಯುವ ಜುಲೈ, ಆಗಸ್ಟ್‌ನಲ್ಲಿ ಆಗಬೇಕಾದದ್ದು.

ಸಾರ್ವಜನಿಕ ಕೊಳ ಕೈಬಿಟ್ಟ ಪೋಷಕರು ಖಾಸಗಿ ತರಗತಿ ಹುಡುಕುತ್ತಾರೆ. ಅಲ್ಲಿ ಜಾಹೀರಾತು ನೋಡಿ ದುಡ್ಡು ಕಟ್ಟುವುದೇ ಹೆಚ್ಚು. ನಾನು ನೋಡಲು ಹೋದ ಒಂದು ಕಡೆ ಒಂದೇ ಲೇನಿನಲ್ಲಿ ಹದಿನಾಲ್ಕು ಮಕ್ಕಳು. ಕೋಚ್ ದಡದ ಕುರ್ಚಿಯಲ್ಲಿ ಕೂತು, ಫೋನಿನಿಂದ ತಲೆ ಎತ್ತಿದಾಗಲೆಲ್ಲ ‘ಇನ್ನೊಂದು ರೌಂಡ್ ಹೊಡೀರಿ’ ಎನ್ನುತ್ತಿದ್ದರು. ತಪ್ಪಾಗಿ ಬರೆದ ಅಕ್ಷರವನ್ನು ತಿದ್ದದೆ ನೂರು ಸಲ ಬರೆಸಿದರೆ ಕೈಗೆ ಕೂರುವುದು ತಪ್ಪು ಅಕ್ಷರವೇ. ನಾವು ಪೋಷಕರೂ ಮಕ್ಕಳು ಮನೆಗೆ ಬಂದ ಕೂಡಲೇ ‘ಇವತ್ತು ಎಷ್ಟು ರೌಂಡ್?’ ಎಂದು ಕೇಳುವುದನ್ನು ಬಿಡಬೇಕು. ದುಡ್ಡು ಕಟ್ಟುವ ಮೊದಲು ಒಂದು ತರಗತಿಯನ್ನು ಪೂರ್ತಿ ಕೂತು ನೋಡಬೇಕು. ಒಬ್ಬ ಕೋಚ್‌ಗೆ ಎಷ್ಟು ಮಕ್ಕಳು? ಮಗು ಗೋಡೆ ಹಿಡಿದು ಸರದಿಗೆ ಕಾಯುವ ಹೊತ್ತೆಷ್ಟು, ಈಜುವ ಹೊತ್ತೆಷ್ಟು? ಕೋಚ್ ಹೆಸರು ಹಿಡಿದು ಕರೆದು ಒಂದು ತಪ್ಪು ತೋರಿಸಿ, ಮತ್ತೆ ಮಾಡಿಸಿ ನೋಡುತ್ತಾರೆಯೇ? ಲೈಫ್‌ಗಾರ್ಡ್ ಬೇರೆ ಇದ್ದಾರೆಯೇ, ಅಥವಾ ಕೋಚ್ ಮೇಲೇ ಆ ಹೊಣೆಯೂ ಬಿದ್ದಿದೆಯೇ? ತಡವರಿಸದೆ ಉತ್ತರ ಕೊಡುವ ಕಡೆ ಸೇರಿಸಿದರೆ ಸಾಕು. ವಾರಕ್ಕೆ ಎರಡು ದಿನ, ಮುಕ್ಕಾಲು ಗಂಟೆಯಾದರೂ ಪ್ರಯೋಜನವಾಗುತ್ತದೆ.

ಸ್ಪರ್ಧೆಯ ಬ್ಯಾಚ್‌ಗಳ ಮೇಲೆ ನನಗೆ ಮುನಿಸಿಲ್ಲ. 2000ದ ಸಿಡ್ನಿ ಒಲಿಂಪಿಕ್ಸ್‌ಗೆ ಹೋದ ನಿಶಾ ಮಿಲೆಟ್ ಅವರಿಂದ ಹಿಡಿದು ಟೋಕಿಯೊ, ಪ್ಯಾರಿಸ್ ಎರಡರಲ್ಲೂ ಈಜಿದ ಶ್ರೀಹರಿ ನಟರಾಜ್, 14ನೇ ವಯಸ್ಸಿಗೇ ಪ್ಯಾರಿಸ್ ತಲುಪಿದ ಧಿನಿಧಿ ದೇಸಿಂಗು ಅವರವರೆಗೆ ಈ ನಗರ ದೇಶಕ್ಕೆ ಒಳ್ಳೊಳ್ಳೆ ಈಜುಗಾರರನ್ನು ಕೊಟ್ಟಿದೆ. ಅದು ವರ್ಷವಿಡೀ ಬೆಳಗಿನ ಜಾವ ಎದ್ದು ದುಡಿದವರ ಫಲ. ಆದರೆ ಬೇಸಿಗೆಯಲ್ಲಿ ಖುಷಿಗೆ ರಿಲೇ ಈಜುವ ಒಂಬತ್ತು ವರ್ಷದ ಮಗುವನ್ನು ‘ಆರು ದಿನ ಬಾ, ಇಲ್ಲದಿದ್ದರೆ ಬರಲೇಬೇಡ’ ಎನ್ನುವುದು ಯಾವ ನ್ಯಾಯ? ತಡವಾಗಿ ಅರಳುವ ಮಕ್ಕಳು ಇರುತ್ತಾರೆ. ಅವರಿಗೆ ಬಾಗಿಲು ಮುಚ್ಚಿದರೆ ನಾಳೆಯ ಸ್ಪರ್ಧೆಯ ಬ್ಯಾಚ್‌ಗೂ ನಷ್ಟವೇ.

ನನ್ನ ತಂಗಿಯ ಸಂಸಾರ ಅಮೆರಿಕದ ವರ್ಜೀನಿಯಾ ರಾಜ್ಯದ ಫೇರ್‌ಫ್ಯಾಕ್ಸ್ ಕೌಂಟಿಯಲ್ಲಿದೆ. ಅಲ್ಲಿ ಬಡಾವಣೆಯ ಕೊಳಕ್ಕೊಂದು ಬೇಸಿಗೆ ತಂಡ. ಇಂಥ ತಂಡಗಳನ್ನು ಸೇರಿಸಿ 1956ರಲ್ಲೇ ಶುರುವಾದ ‘ನಾರ್ದರ್ನ್ ವರ್ಜೀನಿಯಾ ಸ್ವಿಮಿಂಗ್ ಲೀಗ್’ ಇಂದಿಗೂ ನಡೆಯುತ್ತಿದೆ. ಬೇಸಿಗೆ ಕಳೆದು ಬಯಲು ಕೊಳಗಳಿಗೆ ಬೀಗ ಬಿದ್ದ ಮೇಲೆ ಕೌಂಟಿಯದೇ ಒಳಾಂಗಣ ಕೊಳಗಳಲ್ಲಿ ಮಟ್ಟಕ್ಕೆ ತಕ್ಕಂತೆ ತರಗತಿಗಳು ಇರುತ್ತವೆ. ಕ್ಲಬ್ ತಂಡ ಸೇರಲು ಒಲ್ಲದ ಮಗುವಿಗೂ ಅಲ್ಲಿ ಜಾಗವಿದೆ. ಅಲ್ಲಿನಷ್ಟು ಬಿಸಿನೀರಿನ ಕೊಳ ಕಟ್ಟಿಸಿ ಎಂದು ನಾನು ಕೇಳುತ್ತಿಲ್ಲ. ಚಳಿಗಾಲದಲ್ಲಿ ಹಿಮ ಬೀಳುವ ಊರಿನವರು ವರ್ಷವಿಡೀ ಕಲಿಸುತ್ತಾರೆ, ಬೆಂಗಳೂರಿನಂಥ ಹವೆಯಲ್ಲಿ ನಾವು ಎರಡು ತಿಂಗಳಿಗೇ ಕೈತೊಳೆದುಕೊಳ್ಳುತ್ತೇವೆ.

ಇದು ಮೆಡಲ್ಲಿನ ವಿಷಯವಷ್ಟೇ ಆಗಿದ್ದರೆ ಇಷ್ಟುದ್ದ ಬರೆಯುತ್ತಿರಲಿಲ್ಲ. ಜಗತ್ತಿನಲ್ಲಿ 5ರಿಂದ 14 ವರ್ಷದ ಮಕ್ಕಳ ಸಾವಿನ ಪ್ರಮುಖ ಕಾರಣಗಳಲ್ಲಿ ನೀರಲ್ಲಿ ಮುಳುಗುವುದು ಮೂರನೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2024ರ ವರದಿಯಲ್ಲಿ ಹೇಳಿದೆ. ನಮ್ಮಲ್ಲಿ ಕೆರೆ, ಕೃಷಿಹೊಂಡ, ಕಲ್ಲುಕ್ವಾರಿಗಳು ತುಂಬುವುದು ಮಳೆಗಾಲದಲ್ಲಿ. ಅಂದರೆ ಈಜು ನಿಜಕ್ಕೂ ಬೇಕಾಗುವ ತಿಂಗಳುಗಳಲ್ಲೇ ನಾವು ಕಲಿಸುವುದನ್ನು ನಿಲ್ಲಿಸುತ್ತಿದ್ದೇವೆ. ‘ನನಗೆ ಈಜು ಬರುತ್ತೆ’ ಎಂಬ ಅರೆಬರೆ ಧೈರ್ಯದ ಮಗು, ಈಜು ಬಾರದೆ ನೀರಿಗೆ ಹೆದರುವ ಮಗುವಿಗಿಂತ ಹೆಚ್ಚು ಅಪಾಯದಲ್ಲಿರುತ್ತದೆ ಎಂಬ ಭಯ ನನ್ನದು. ಅಮೆರಿಕನ್ ರೆಡ್ ಕ್ರಾಸ್ ಈಜು ಬರುತ್ತದೆ ಎನ್ನಲು ಐದು ಪರೀಕ್ಷೆ ಇಡುತ್ತದೆ: ತಲೆ ಮುಳುಗುವಷ್ಟು ಆಳಕ್ಕೆ ಇಳಿಯುವುದು, ಮೇಲೆ ಬಂದು ಒಂದು ನಿಮಿಷ ತೇಲುವುದು, ಸುತ್ತ ತಿರುಗಿ ದಡಕ್ಕೆ ದಾರಿ ಹುಡುಕುವುದು, 25 ಗಜ ಈಜುವುದು, ಏಣಿಯ ಆಸರೆಯಿಲ್ಲದೆ ಹತ್ತಿ ಬರುವುದು. ಶಿಬಿರದಲ್ಲಿ ಸರ್ಟಿಫಿಕೇಟ್ ಪಡೆದವರಲ್ಲಿ ಎಷ್ಟು ಮಕ್ಕಳು ಈ ಐದನ್ನೂ ಮಾಡಿ ತೋರಿಸಿಯಾರು?

ಮಳೆಗಾಲದಲ್ಲಿ ಮಕ್ಕಳು ಬರುವುದಿಲ್ಲ, ನಷ್ಟವಾಗುತ್ತದೆ, ನೀರು ತಣ್ಣಗಿರುತ್ತದೆ ಎಂಬ ಸಮಜಾಯಿಷಿಗಳು ಗೊತ್ತಿವೆ. ತರಗತಿಯನ್ನೇ ಇಡದೆ ಮಕ್ಕಳು ಬರುವುದಿಲ್ಲ ಎಂದರೆ ಹೇಗೆ? ಗುಡುಗು ಸಿಡಿಲಿದ್ದಾಗ ಕೊಳದಿಂದ ಹೊರಬರಲೇಬೇಕು, ತುಂತುರು ಮಳೆಗೆ ಈಜುವವರೇನೂ ಹೆದರುವುದಿಲ್ಲ. ಚಳಿಯ ಮಾತು ಒಪ್ಪುತ್ತೇನೆ. ನಡುಗುವ ಮಗು ಏನನ್ನೂ ಕಲಿಯುವುದಿಲ್ಲ. ಡಿಸೆಂಬರ್, ಜನವರಿ ರಜೆ ಕೊಡಲಿ. ಜೂನ್‌ನಿಂದ ನವೆಂಬರ್‌ವರೆಗೆ, ಮತ್ತೆ ಫೆಬ್ರವರಿ, ಮಾರ್ಚ್‌ನಲ್ಲಿ ಶನಿವಾರ ಮಧ್ಯಾಹ್ನ ಮತ್ತು ಭಾನುವಾರ ಹತ್ತರ ಬಿಸಿಲಿಗೆ ಎರಡು ಲೇನ್ ಮೀಸಲಿಟ್ಟರೆ ಸಾಕು. ಒಬ್ಬ ಕೋಚ್‌ಗೆ ಆರೇಳು ಮಕ್ಕಳು, ಎಂಟು ತರಗತಿಗೆ ಇಷ್ಟೆಂದು ಫೀಸು, ಸರ್ಕಾರಿ ಶಾಲೆಯ ಮಕ್ಕಳಿಗೆ ರಿಯಾಯಿತಿ. ಕೊಳವನ್ನು ಗುತ್ತಿಗೆಗೆ ಕೊಡುವ ಕಡೆ ಇದನ್ನು ಟೆಂಡರಿನ ಷರತ್ತಾಗಿಯೇ ಬರೆಯಲಿ. ಷರತ್ತಿಲ್ಲದಿದ್ದರೆ ಗುತ್ತಿಗೆದಾರರು ಲಾಭದ ಎರಡು ತಿಂಗಳನ್ನು ಮಾತ್ರ ನೋಡುತ್ತಾರೆ. ಅದು ಅವರ ತಪ್ಪೂ ಅಲ್ಲ.

ಸಾರ್ವಜನಿಕರ ತೆರಿಗೆಯಿಂದ ಕಟ್ಟಿದ ಕೊಳ ಇರುವುದು ಸಮಾರೋಪದ ಫೋಟೊಗಾಗಿ ಅಲ್ಲ. ಪಾಲಿಕೆ ಮತ್ತು ಕ್ರೀಡಾ ಇಲಾಖೆಯ ಅಧಿಕಾರಿಗಳು ಈ ಜುಲೈನಲ್ಲೇ ಒಂದೆರಡು ಕೊಳಗಳಲ್ಲಿ ಇದನ್ನು ಶುರು ಮಾಡಿ ನೋಡಲಿ. ನಿಮ್ಮ ಪತ್ರಿಕೆಗೂ ಒಂದು ಕೋರಿಕೆ: ಮುಂದಿನ ಬೇಸಿಗೆಯಲ್ಲಿ ಶಿಬಿರಕ್ಕೆ ಎಷ್ಟು ಮಕ್ಕಳು ಸೇರಿದರು ಎಂದು ಬರೆಯುವಾಗ, ಈ ವರ್ಷ ಸೇರಿದ್ದವರಲ್ಲಿ ಎಷ್ಟು ಮಂದಿ ಇನ್ನೂ ಈಜುತ್ತಿದ್ದಾರೆ ಎಂಬುದನ್ನೂ ದಯವಿಟ್ಟು ಕೇಳಿ ಬರೆಯಿರಿ.

ಇಂತಿ,
ಒಬ್ಬ ತಾಯಿ, ಬೆಂಗಳೂರು