‘ವಯಸ್ಸಾಯ್ತಲ್ಲ’ ಅನ್ನೋದು ಕಾಯಿಲೆಯ ಹೆಸರಲ್ಲ

ಭಟ್ಕಳ, ಹೊನ್ನಾವರ, ಕುಮಟಾ ಕಡೆಯಿಂದ ಬಂದು ಹಾಸ್ಟೆಲ್ ಸೇರಿದ ನಮಗೆಲ್ಲ ಮನೆಯ ಫೋನು ಅಂದರೆ ಅದಕ್ಕೊಂದು ಕ್ರಮ ಇದೆ. ಊಟ ಆಯ್ತಾ, ಇಂಟರ್ನಲ್ಸ್ ಯಾವಾಗ, ಅಲ್ಲಿ ಮಳೆ ಹೇಗಿದೆ, ಕೊನೆಯಲ್ಲಿ ನಾಯಿಯ ಸುದ್ದಿ. ಐದನೇ ಕ್ಲಾಸಿನಲ್ಲಿದ್ದಾಗ ಹಟ ಮಾಡಿ ತರಿಸಿಕೊಂಡ ಮರಿಗೆ ಈಗ ಹತ್ತು ವರ್ಷ. ಹಾಗಾಗಿ ಸುದ್ದಿಯೂ ಬದಲಾಗಿದೆ. ‘ಮೊದಲಿನ ಹಾಗೆ ಓಡೂದಿಲ್ಲ, ಬೆಳಿಗ್ಗೆ ಏಳೂಕೆ ಕಷ್ಟ ಪಡ್ತದೆ, ಜಗಲಿ ಮೆಟ್ಟಿಲು ಹತ್ತೂದಿಲ್ಲ. ಎಂತಾ ಮಾಡೂದು, ವಯಸ್ಸಾಯ್ತಲ್ಲ.’

ನಮ್ಮ ತಕರಾರು ಈ ಕೊನೆಯ ಮಾತಿನ ಮೇಲೆ. ವಯಸ್ಸು ಕಾಯಿಲೆ ಅಲ್ಲ. ಮೆಟ್ಟಿಲು ಹತ್ತದ ನಾಯಿಗೆ ಆಗಿರುವುದು ಬಹುಪಾಲು ಕೀಲುಸವೆತ, ಡಾಕ್ಟರ ಭಾಷೆಯಲ್ಲಿ ಆಸ್ಟಿಯೋಆರ್ತ್ರೈಟಿಸ್. ಎಲುಬಿನ ತುದಿಗೆ ಮೆತ್ತೆಯಂತಿರುವ ಕಾರ್ಟಿಲೇಜ್ ಸವೆದು, ಕೀಲು ಊದಿ, ನೋಯುತ್ತದೆ. ಸವೆದದ್ದು ವಾಪಸ್ ಬೆಳೆಯುವುದಿಲ್ಲ, ಅದು ಸತ್ಯ. ಆದರೆ ನೋವನ್ನು ತುಂಬ ಮಟ್ಟಿಗೆ ಇಳಿಸಬಹುದು, ಅದೂ ಸತ್ಯವೇ. ‘ವಯಸ್ಸಾಯ್ತಲ್ಲ’ ಅಂದ ಕೂಡಲೇ ನಾವು ಮೊದಲನೆಯ ಸತ್ಯ ಹಿಡಿದುಕೊಂಡು ಎರಡನೆಯದನ್ನು ಬಿಟ್ಟುಬಿಡ್ತೇವೆ. ಅಜ್ಜಿಗೆ ಮೊಣಕಾಲು ನೋವು ಅಂದರೆ ಎಣ್ಣೆ, ಬಿಸಿನೀರು, ಡಾಕ್ಟರು ಎಲ್ಲ ಉಂಟು. ಅದೇ ನೋವು ನಾಯಿಗೆ ಬಂದರೆ ಯಾಕೆ ಬರೀ ನಿಟ್ಟುಸಿರು?

ಒಂದು ಕಾರಣ, ನಾಯಿ ನೋವು ಹೇಳಿಕೊಳ್ಳುವುದಿಲ್ಲ. ಕಾಲು ಮುರಿದರೆ ಕುಂಯ್ ಅಂದೀತು, ವರ್ಷಗಟ್ಟಲೆ ಎಳೆಯುವ ನೋವಿಗೆ ಸದ್ದು ಮಾಡುವುದಿಲ್ಲ. ಸುಮ್ಮನೆ ತನ್ನ ಜಗತ್ತನ್ನು ಚಿಕ್ಕದು ಮಾಡಿಕೊಳ್ಳುತ್ತದೆ. ಮೊದಲು ಗೇಟಿನ ತನಕ ಬರುತ್ತಿದ್ದದ್ದು ಅಂಗಳದ ತನಕ, ಆಮೇಲೆ ಮಲಗಿದಲ್ಲಿಂದಲೇ ಬಾಲ ಅಲ್ಲಾಡಿಸುವುದು. ಮಲಗಿ ಎದ್ದಾಗ ಮೊದಲ ಹತ್ತು ಹೆಜ್ಜೆ ಬಿಗಿ, ಸ್ವಲ್ಪ ನಡೆದ ಮೇಲೆ ಸಲೀಸು. ಒಂದೇ ಗಂಟನ್ನು ಮತ್ತೆ ಮತ್ತೆ ನೆಕ್ಕುವುದು. ಸೊಂಟ ಮುಟ್ಟಿದರೆ ತಿರುಗಿ ನೋಡುವುದು, ಗುರ್ ಅನ್ನುವುದು. ಮೊದಲೇ ನಾಯಿಯ ದೇಹದ ಭಾರದಲ್ಲಿ ಸುಮಾರು 60 ಶೇಕಡಾ ಮುಂಗಾಲುಗಳ ಮೇಲಿರುತ್ತದೆ. ಹಿಂಗಾಲು ನೋಯತೊಡಗಿದರೆ ಅದು ಇನ್ನಷ್ಟು ಭಾರವನ್ನು ಮುಂದಕ್ಕೆ ದೂಡುತ್ತದೆ. ಹಾಗಾಗಿ ಭುಜ ಗಟ್ಟಿಯಾಗಿಯೇ ಉಳಿದು ಹಿಂದೊಡೆ ಸೊರಗುತ್ತದೆ. ಇದನ್ನು ಕಣ್ಣಿನಲ್ಲೇ ಕಾಣಬಹುದು.

ಇನ್ನೊಂದು ಕಾರಣ, ದಿನಾ ನೋಡುವವರಿಗೆ ಬದಲಾವಣೆ ಕಾಣುವುದಿಲ್ಲ. ಇಲ್ಲಿಯೇ ನಮ್ಮ ಕೆಲಸ ಇರುವುದು. ಎರಡು ಮೂರು ತಿಂಗಳಿಗೊಮ್ಮೆ ಊರಿಗೆ ಹೋಗುವ ನಮಗೆ ಆ ವ್ಯತ್ಯಾಸ ಬಾಗಿಲಲ್ಲೇ ಕಣ್ಣಿಗೆ ಹೊಡೆಯುತ್ತದೆ. ದೂರ ಇರುವವರಿಗೆ ಸಿಕ್ಕ ಒಂದೇ ಅನುಕೂಲ ಇದು ಅಂತ ಇಟ್ಟುಕೊಳ್ಳಿ. ಲ್ಯಾಬಿನಲ್ಲಿ ರೀಡಿಂಗ್ ಬರೆದುಕೊಳ್ಳುವ ನಾವು ಇಲ್ಲೂ ಬರೆದುಕೊಳ್ಳಬಹುದು. ಪ್ರತಿ ರಜೆಯಲ್ಲೂ ಒಂದೇ ಜಾಗದಲ್ಲಿ, ಒಂದು ಬದಿಯಿಂದ ಮತ್ತು ಹಿಂದಿನಿಂದ, ನಾಯಿ ನಡೆಯುವ ಅರ್ಧ ನಿಮಿಷದ ವಿಡಿಯೋ. ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು ನಮ್ಮ ತೂಕ ಕಳೆದರೆ ನಾಯಿಯ ತೂಕ. ಡಾಕ್ಟರ ಟೇಬಲ್ಲಿನ ಮೇಲೆ ಹೆದರಿ ನೆಟ್ಟಗೆ ನಿಲ್ಲುವ ನಾಯಿಗಿಂತ ಈ ವಿಡಿಯೋ ಅವರಿಗೆ ಹೆಚ್ಚು ಹೇಳುತ್ತದೆ.

ಹಾಗಾದರೆ ಮನೆಯಲ್ಲಿ ಏನು ಮಾಡಬಹುದು? ಮೊದಲು ನೆಲ. ಹಳೆಯ ಮನೆಯ ಸಗಣಿ ಸಾರಿಸಿದ ನೆಲದಲ್ಲಿ ನಾಯಿಯ ಉಗುರು ಊರುತ್ತಿತ್ತು. ಈಗ ಎಲ್ಲ ಕಡೆ ಹೊಳೆಯುವ ಟೈಲ್ಸ್. ಮಳೆಗಾಲದ ತೇವ ಬೇರೆ. ಘರ್ಷಣೆ ಕಡಿಮೆಯಾದರೆ ಏನಾಗುತ್ತದೆ ಅಂತ ಮೊದಲ ಸೆಮಿಸ್ಟರಿನಲ್ಲೇ ಕಲಿತಿದ್ದೇವೆ. ಹಿಂಗಾಲು ಎರಡೂ ಬದಿಗೆ ಜಾರುವ ನಾಯಿ ಪ್ರತಿ ಸಲ ಏಳುವಾಗಲೂ ಸೊಂಟದ ಕೀಲನ್ನು ತಿರುಚಿಕೊಳ್ಳುತ್ತದೆ. ಮಲಗುವ ಜಾಗದಿಂದ ನೀರಿನ ಪಾತ್ರೆಗೆ, ಅಲ್ಲಿಂದ ಬಾಗಿಲಿಗೆ, ಗೋಣಿಚೀಲವನ್ನೋ ತೆಂಗಿನ ನಾರಿನ ಮ್ಯಾಟನ್ನೋ ಸಾಲಾಗಿ ಹಾಸಿದರೆ ಸಾಕು. ಪಾದದ ಅಡಿಯ ಕೂದಲು, ಉದ್ದ ಬೆಳೆದ ಉಗುರು ಕತ್ತರಿಸುವುದೂ ಇದೇ ಲೆಕ್ಕಕ್ಕೆ ಸೇರುತ್ತದೆ.

ಆಮೇಲೆ ಮೆಟ್ಟಿಲು. ನಮ್ಮ ಕಡೆಯ ಚಿರೆಕಲ್ಲಿನ ಮನೆಗಳಲ್ಲಿ ಅಂಗಳದಿಂದ ಜಗಲಿಗೆ ಮೂರು ಮೆಟ್ಟಿಲಾದರೂ ಇರುತ್ತದೆ. 45 ಸೆಂಟಿಮೀಟರ್ ಎತ್ತರಕ್ಕೆ 180 ಸೆಂಟಿಮೀಟರ್ ಉದ್ದದ ಹಲಗೆ ಇಟ್ಟರೆ ಇಳಿಜಾರು ಸುಮಾರು 14.5 ಡಿಗ್ರಿ. ಉದ್ದ ಇನ್ನೂ ಹೆಚ್ಚಿದ್ದರೆ ಇನ್ನೂ ಒಳ್ಳೇದು. ಅದರ ಮೇಲೆ ಅಡಿಕೆ ದಬ್ಬೆಯ ತುಂಡನ್ನು ಒಂದು ಗೇಣಿಗೊಂದರಂತೆ ಅಡ್ಡಕ್ಕೆ ಹೊಡೆದು, ಮೇಲೆ ಗೋಣಿ ಬಿಗಿದರೆ ರ‍್ಯಾಂಪ್ ತಯಾರು. ತೋಟ ಇರುವ ಮನೆಯಲ್ಲಿ ಇದಕ್ಕೆ ಬೇಕಾದದ್ದೆಲ್ಲ ಹಿತ್ತಲಲ್ಲೇ ಬಿದ್ದಿರುತ್ತದೆ. ಮಿನಿ ಪ್ರಾಜೆಕ್ಟಿಗೆ ಐಡಿಯಾ ಇಲ್ಲ ಅಂತ ಒದ್ದಾಡುವ ಗೆಳೆಯರೂ ಗಮನಿಸಬಹುದು.

ಮೂರನೆಯದು ಬೆಚ್ಚಗಿನ ಜಾಗ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಕರಾವಳಿಯಲ್ಲಿ ಗೋಡೆಯೇ ಬೆವರುತ್ತದೆ. ತಣ್ಣನೆಯ ನೆಲದಲ್ಲಿ ಮಲಗಿದ ಕೀಲು ಬೆಳಿಗ್ಗೆ ಬಿಗಿಯದೆ ಇನ್ನೇನಾದೀತು! ಹಳೆ ಮನೆಗಳಲ್ಲಿ ಮಳೆಗಾಲದ ನಾಯಿ ಬೆಕ್ಕುಗಳು ಬಚ್ಚಲ ಒಲೆಯ ಹತ್ತಿರವೇ ಯಾಕೆ ಬಿದ್ದುಕೊಂಡಿರುತ್ತಿದ್ದವು ಅಂತ ಈಗ ಅರ್ಥ ಆಗುತ್ತದೆ. ಗೀಸರ್ ಬಂದು ಒಲೆ ಹೋಗಿದ್ದರೆ, ನೆಲದಿಂದ ನಾಲ್ಕು ಬೆರಳು ಎತ್ತರದ ಹಲಗೆ, ಅದರ ಮೇಲೆ ದಪ್ಪಗೆ ಹಳೆ ಕಂಬಳಿ. ಸಂಜೆ ಬಟ್ಟೆ ಸುತ್ತಿದ ಬಿಸಿನೀರಿನ ಚೀಲವನ್ನು ಹತ್ತು ನಿಮಿಷ ಸೊಂಟಕ್ಕಿಟ್ಟರೆ ನಾಯಿಯೇ ನಾಳೆ ಆ ಹೊತ್ತಿಗೆ ಬಂದು ಕಾಯುತ್ತದೆ.

ಇಷ್ಟೆಲ್ಲ ಮಾಡಿ ನಾಯಿಯನ್ನು ದಪ್ಪ ಮಾಡಿಟ್ಟರೆ ಎಲ್ಲ ನೀರಿನಲ್ಲಿ ಹೋಮ. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ 25 ಶೇಕಡಾ ಕಡಿಮೆ ಊಟ ಹಾಕಿ ಜೀವಮಾನವಿಡೀ ನೋಡಿದರು. 2002ರಲ್ಲಿ ಪ್ರಕಟವಾದ ಫಲಿತಾಂಶದಂತೆ ಕಡಿಮೆ ಉಂಡ ಗುಂಪಿನ ಮಧ್ಯಕ ಆಯಸ್ಸು 13 ವರ್ಷ, ಇನ್ನೊಂದು ಗುಂಪಿನದು 11.2. ಕೀಲುಸವೆತ ಕೂಡ ತೆಳ್ಳಗಿದ್ದವಕ್ಕೆ ತಡವಾಗಿ ಬಂತು. ನಮ್ಮ ಮನೆಗಳಲ್ಲಿ ಪ್ರೀತಿ ಅಂದರೆ ಅನ್ನ. ಉಳಿದ ಅನ್ನ, ಉಳಿದ ಸಾರು, ಸಂಜೆ ಬಿಸ್ಕೀಟು. ಓಡಾಟ ನಿಂತ ನಾಯಿಗೆ ಅನ್ನದ ಪ್ರಮಾಣವೂ ಇಳಿಯಬೇಕು. ಮೀನು ತಿನ್ನುವ ಮನೆಯಾದರೆ ಉಪ್ಪು ಖಾರ ಹಾಕದೆ ಬೇಯಿಸಿ ಮುಳ್ಳು ತೆಗೆದ ತಾರ್ಲೆ ಒಳ್ಳೆಯದು, ದಕ್ಷಿಣದವರು ಬೂತಾಯಿ ಅಂತಾರಲ್ಲ, ಅದೇ. ಅದರಲ್ಲಿರುವ ಒಮೆಗಾ 3 ಕೀಲಿನ ಊತಕ್ಕೆ ಸ್ವಲ್ಪ ಸಹಾಯ ಮಾಡುತ್ತದೆ. ಮದ್ದಿಗೆ ಬದಲಿ ಅಲ್ಲ, ಮದ್ದಿನ ಜೊತೆಗೆ. ವ್ಯಾಯಾಮವೂ ಬೇಕು, ಆದರೆ ಭಾನುವಾರ ಒಂದೇ ಸಲ ಸಮುದ್ರದ ದಂಡೆ ಉದ್ದಕ್ಕೂ ಓಡಿಸುವುದಲ್ಲ. ದಿನಕ್ಕೆ ಎರಡು ಮೂರು ಸಲ ಹತ್ತತ್ತು ನಿಮಿಷ, ಸಮತಟ್ಟು ಜಾಗದಲ್ಲಿ. ಒಣ ಮರಳು ಕಾಲನ್ನು ಎಳೆಯುತ್ತದೆ, ಒದ್ದೆಯಾಗಿ ಗಟ್ಟಿಯಾದ ಮರಳೇ ವಾಸಿ.

ಇನ್ನು ಒಂದು ವಿಷಯವನ್ನು ಸ್ವಲ್ಪ ಜೋರಾಗಿಯೇ ಹೇಳಬೇಕು. ಅಜ್ಜಿಯ ಮಾತ್ರೆ ನಾಯಿಗೆ ಕೊಡಬೇಡಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ಸುರಿಸಬಹುದು, ಕಿಡ್ನಿ ಹಾಳು ಮಾಡಬಹುದು. ಪ್ಯಾರಾಸಿಟಮಾಲ್ ಲಿವರಿಗೆ ಪೆಟ್ಟು ಕೊಡಬಹುದು. ನೋವಿನ ಮುಲಾಮು ಹಚ್ಚಿಕೊಂಡ ಕಾಲನ್ನು ನಾಯಿ ನೆಕ್ಕಿದರೂ ಅಪಾಯ. ಒಂದು ಜೀವಿಯ ಮದ್ದು ಇನ್ನೊಂದಕ್ಕೆ ವಿಷ ಅನ್ನುವುದಕ್ಕೆ ನಮ್ಮ ದೇಶದಲ್ಲೇ ದೊಡ್ಡ ಪಾಠ ಆಗಿದೆ. ದನಗಳಿಗೆ ಕೊಟ್ಟ ಡೈಕ್ಲೊಫೆನಾಕ್, ಸತ್ತ ದನ ತಿಂದ ರಣಹದ್ದುಗಳನ್ನು ಸಾಲುಸಾಲಾಗಿ ಕೊಂದಿತು. 2006ರಲ್ಲಿ ಪಶುಗಳಿಗೆ ಅದರ ಬಳಕೆ ನಿಷೇಧ ಆಯಿತು. ನಾಯಿಗೆಂದೇ ಬೇರೆ ನೋವಿನ ಮದ್ದುಗಳಿವೆ. ಅವನ್ನು ತೂಕ ನೋಡಿ, ರಕ್ತಪರೀಕ್ಷೆಯಲ್ಲಿ ಕಿಡ್ನಿ ಲಿವರ್ ನೋಡಿ, ಪಶುವೈದ್ಯರೇ ಬರೆಯಬೇಕು. ಅಲ್ಲದೆ ಕುಂಟುವುದೆಲ್ಲ ಕೀಲುಸವೆತವೂ ಅಲ್ಲ. ಉಣುಗು ಕಚ್ಚಿ ಬರುವ ಜ್ವರದಲ್ಲೂ ಕೀಲು ಊದುತ್ತದೆ, ಅದಕ್ಕೆ ಬೇರೆಯೇ ಮದ್ದು. ನಮ್ಮ ಕಾಡಂಚಿನ ಊರುಗಳಲ್ಲಿ ಉಣುಗಿಗೆ ಬರ ಇಲ್ಲ.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ, ಬರಲೇಬೇಕು. ಮನುಷ್ಯರಿಗೇ ಸರಿಯಾದ ಆಸ್ಪತ್ರೆ ಇಲ್ಲದ ಜಿಲ್ಲೆಯಲ್ಲಿ ನಾಯಿಯ ಮಂಡಿನೋವಿನ ಬಗ್ಗೆ ಮಾತಾಡ್ತೀರಾ ಮಾರಾಯ್ರೆ? 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರಿನ ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ತೀರಿಕೊಂಡದ್ದನ್ನು ನಾವ್ಯಾರೂ ಮರೆತಿಲ್ಲ. ಉತ್ತರ ಕನ್ನಡಕ್ಕೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂದು ಆಗ ಎದ್ದ ಕೂಗಿನಲ್ಲಿ ನಮ್ಮ ದನಿಯೂ ಇತ್ತು, ಈಗಲೂ ಇದೆ. ಆದರೆ ಅದಕ್ಕೂ ಇದಕ್ಕೂ ಜಗಳ ಇಲ್ಲ. ಗೋಣಿಚೀಲ, ಹಲಗೆ, ಹಳೆ ಕಂಬಳಿ, ಒಂದು ಹಿಡಿ ಕಡಿಮೆ ಅನ್ನ: ಇದರಲ್ಲಿ ಯಾವುದಕ್ಕೂ ಇನ್ನೊಬ್ಬರ ಪಾಲಿನ ದುಡ್ಡು ಬೇಡ. ವೈದ್ಯರು ಬೇಕಾದದ್ದು ನಿಜ. ತಾಲ್ಲೂಕಿನ ಸರ್ಕಾರಿ ಪಶು ಆಸ್ಪತ್ರೆಯಲ್ಲೇ ಶುರು ಮಾಡಿ. ಹೆಚ್ಚಿನ ತಪಾಸಣೆ ಬೇಕೆಂದರೆ ಮಂಗಳೂರೋ, ಘಟ್ಟ ಹತ್ತಿ ಪಶುವೈದ್ಯಕೀಯ ಕಾಲೇಜಿರುವ ಶಿವಮೊಗ್ಗವೋ. ಅಷ್ಟು ದೂರ ನೋಯುವ ನಾಯಿಯನ್ನು ಒಯ್ಯುವುದು ಸುಲಭವಲ್ಲ. ಅದಕ್ಕೇ ನೋವು ಮಿತಿಮೀರುವ ಮೊದಲೇ, ಊರಲ್ಲೇ ಹಿಡಿಯಬೇಕು ಅನ್ನುವುದು ನಮ್ಮ ವಾದ.

ನಾಯಿಯ ಉಪಕಾರ ನೆನೆಯುವುದು ಕನ್ನಡ ನಾಡಿಗೆ ಹೊಸತೇನಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ನೋಡಿ. ಕ್ರಿ.ಶ. 949ರ ಸುಮಾರಿನದು. ಯುದ್ಧದಲ್ಲಿ ಮೆರೆದ ಮಣಲೇರನಿಗೆ ಗಂಗ ದೊರೆ ಇಮ್ಮಡಿ ಬೂತುಗ ಬೇಕಾದ್ದು ಕೇಳು ಅಂದಾಗ ಆತ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ದೊಡ್ಡದೊಂದು ಕಾಡುಹಂದಿಯ ಜೊತೆ ಹೋರಾಡಿ, ಹಂದಿಯ ಜೊತೆಗೇ ಸತ್ತಿತು. ಅದಕ್ಕಾಗಿ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿಯನ್ನೂ ಬಿಟ್ಟರು. ಆ ಕಲ್ಲು ಇವತ್ತಿಗೂ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಓದಿದರೆ ಹೆಮ್ಮೆ ಅನ್ನಿಸುತ್ತದೆ. ಆದರೆ ನಮ್ಮ ಮನೆಯ ಕಾಳಿ, ಕರಿಯ, ಟಾಮಿಗಳು ಹಂದಿಯ ಜೊತೆ ಹೋರಾಡಿ ಸಾಯುವುದಿಲ್ಲ. ಹತ್ತು ವರ್ಷ ಮಂಗ ಓಡಿಸಿ, ರಾತ್ರಿ ಕಾದು, ನಿಧಾನಕ್ಕೆ ಮುದಿಯಾಗುತ್ತವೆ. ಒಂದು ದಿನದ ಸಾಹಸಕ್ಕೆ ಕಲ್ಲು ಕೆತ್ತಿದ ನಾಡು ಹತ್ತು ವರ್ಷದ ಕಾವಲಿಗೆ ಒಂದು ಕಂಬಳಿ ಹಾಸಬಾರದೇ?

ಕೆಲಸಕ್ಕೆ ಬಾರದ ನಾಯಿಯನ್ನು ಪೇಟೆಯಲ್ಲೋ ಹೆದ್ದಾರಿಯ ಬದಿಯಲ್ಲೋ ಬಿಟ್ಟು ಬರುವ ಸುದ್ದಿಯೂ ಕೇಳುತ್ತೇವೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟುಬಿಡುವುದು ಅಪರಾಧ. ಯಾವಾಗಲೂ ಕಟ್ಟಿಯೇ ಇಡುವ ನಾಯಿಗೆ ಓಡಾಟ ಕೊಡದಿರುವುದೂ ಅಪರಾಧ. ಮೊದಲ ಸಲಕ್ಕೆ ದಂಡ ಹತ್ತರಿಂದ ಐವತ್ತು ರೂಪಾಯಿ, ನಮ್ಮ ಕ್ಯಾಂಟೀನಿನ ಒಂದು ಪ್ಲೇಟ್ ತಿಂಡಿಯಷ್ಟು. ಹಾಗಾಗಿ ಕಾನೂನಿಗೆ ಹೆದರಿ ಅಂತ ನಾವು ಹೇಳುವುದಿಲ್ಲ, ಮನಸ್ಸಿಗೆ ಹೆದರಿ ಅಂತೇವೆ.

ಕೊನೆಗೆ, ಯಾರಿಗೂ ಮಾತಾಡಲು ಇಷ್ಟವಿಲ್ಲದ ವಿಷಯ. ಎಲ್ಲ ಮಾಡಿದ ಮೇಲೂ ನೋವು ಗೆಲ್ಲುವ ಒಂದು ದಿನ ಬರಬಹುದು. ಆಗ ಇಂಜೆಕ್ಷನ್ ಕೊಡಿಸುವುದಾ ಬೇಡವಾ? ಪಾಪ ಅನ್ನುವವರಿದ್ದಾರೆ, ದಯೆ ಅನ್ನುವವರೂ ಇದ್ದಾರೆ. ಇಬ್ಬರನ್ನೂ ಗೌರವಿಸೋಣ. ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಾಲೋಬೋಸ್ ಒಂದು ಅಳತೆ ಕೊಟ್ಟಿದ್ದಾರೆ. ನೋವಿನ ಹತೋಟಿ, ಹಸಿವು, ನೀರು, ಸ್ವಚ್ಛತೆ, ಖುಷಿ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚೇ ಎಂಬುದು: ಈ ಏಳಕ್ಕೂ ಹತ್ತರಲ್ಲಿ ಅಂಕ. ಎಪ್ಪತ್ತರಲ್ಲಿ 35ಕ್ಕಿಂತ ಹೆಚ್ಚು ಬಂದರೆ ಬದುಕು ಇನ್ನೂ ಸಹನೀಯ. ಅಂಕವೇ ತೀರ್ಪಲ್ಲ, ಆದರೆ ಮನೆಯವರೆಲ್ಲ ಕೂತು ಮಾತಾಡಲು ಅದೊಂದು ದಾರಿ. ಆ ಮಾತನ್ನು ವೈದ್ಯರ ಎದುರೇ ಆಡಬೇಕು. ನಮ್ಮ ಉಪದ್ರ ತಪ್ಪಲಿ ಅಂತ ಬೇಗ ಮಾಡುವುದೂ ಸಲ್ಲ, ನಮಗೆ ಬಿಟ್ಟಿರಲಾಗದು ಅಂತ ಅದನ್ನು ನರಳಿಸುವುದೂ ಸಲ್ಲ. ಆ ದಿನದ ಭಾರವನ್ನು ಅಪ್ಪ ಅಮ್ಮನ ಮೇಲೆ ಮಾತ್ರ ಹೊರಿಸುವುದಂತೂ ಸಲ್ಲವೇ ಸಲ್ಲ.

ಯಾಕೆಂದರೆ ಮರಿ ಬೇಕು ಅಂತ ಕೇಳಿದ್ದು ನಾವು. ಓದಿಗೆ ಹೊರಟು ಬಂದದ್ದೂ ನಾವು. ಈಗ 30 ಕೆಜಿ ನಾಯಿಯನ್ನು ಎಬ್ಬಿಸಿ ನಿಲ್ಲಿಸುತ್ತಿರುವುದು ಸ್ವತಃ ಸೊಂಟ ಹಿಡಿದುಕೊಂಡು ಓಡಾಡುವ ಅಮ್ಮ. ಹಾಗಾಗಿ ಈ ಸಲ ರಜೆಗೆ ಹೋದಾಗ ಮೊದಲ ದಿನ ವಿಡಿಯೋ ಮತ್ತು ತೂಕ, ಎರಡನೇ ದಿನ ಮ್ಯಾಟು ಮತ್ತು ಹಲಗೆ, ಮೂರನೇ ದಿನ ಪಶು ಆಸ್ಪತ್ರೆ. ಇಷ್ಟಕ್ಕೆ ಮೂರು ದಿನ ಸಾಕು, ಉಳಿದ ರಜೆಯೆಲ್ಲ ನಿಮ್ಮದೇ.