ಎಣಿಸುವುದೂ ಯೋಚನೆಯೇ

ಆಸಾಡಿ ಅಮಾವಾಸ್ಯೆಯ ಕುಂದಾಪ್ರ ಕನ್ನಡ ದಿನಾಚರಣೆಯ ಬೆನ್ನಿಗೇ ಅದೇ ಹಳೆಯ ಮಾತು ಮತ್ತೆ ಕೇಳಿಬರುತ್ತದೆ: ಈ ಕನ್ನಡ ತಮಾಷೆಗೆ ಚೆಂದ, ಗಂಭೀರ ಚಿಂತನೆಗೆ ಇಂಗ್ಲಿಷೇ ಬೇಕು. ನಾವಿದನ್ನು ಒಪ್ಪುವುದಿಲ್ಲ. ಇಂಗ್ಲಿಷಿನ ಆಳದ ಪದಗಳ ಬುಡ ಕೆದಕಿ ನೋಡಲಿ. 'ಪಾಂಡರ್' ಹುಟ್ಟಿದ್ದು ಲ್ಯಾಟಿನ್ನಿನ ತೂಕದಿಂದ, 'ಡೆಲಿಬರೇಟ್' ತಕ್ಕಡಿಯಿಂದ, 'ರೂಮಿನೇಟ್' ದನದ ಮೆಲುಕಿನಿಂದ. 'ರೆಕನ್' ಎಂದರೆ ಲೆಕ್ಕ ಹಾಕು ಎಂದೂ ಹೌದು, ಭಾವಿಸು ಎಂದೂ ಹೌದು. ಅಂಗಡಿಯ, ಹಟ್ಟಿಯ ಮಾತುಗಳೇ ಅಲ್ಲಿ ತತ್ತ್ವಶಾಸ್ತ್ರದ ಪೀಠ ಏರಿದವು. ನಾವೂ ಅಳೆದು ತೂಗುತ್ತೇವೆ, ಮೆಲುಕು ಹಾಕುತ್ತೇವೆ, ಮೊಸರು ಕಡೆದಂತೆ ವಿಚಾರ ಮಥಿಸುತ್ತೇವೆ. ಬೈಂದೂರಿನಿಂದ ಬ್ರಹ್ಮಾವರದವರೆಗೆ 'ಹಂಗ್ ಎಣ್ಸ್ಲಿಲ್ಲ' ಎಂದರೆ ಹಾಗೆ ಯೋಚಿಸಲಿಲ್ಲ ಎಂದರ್ಥ. ದುಡ್ಡು ಎಣಿಸುವ ಕ್ರಿಯಾಪದವೇ ಮನಸ್ಸಿನ ಲೆಕ್ಕಕ್ಕೂ ಸಲ್ಲುತ್ತದೆ. ಕಿಟೆಲ್ಲರ 1894ರ ನಿಘಂಟಿನಲ್ಲಿ ಎರಡೂ ಅರ್ಥಗಳಿವೆ. ತಮಿಳಿನ 'ಎಣ್ಣಂ' ಕೂಡ ಆಲೋಚನೆಯೇ. ಇಷ್ಟು ಹಳೆಯ ಪದವನ್ನು ಬರಿಯ ಆಡುಮಾತೆಂದು ಬದಿಗೆ ತಳ್ಳುವುದು ಅನ್ಯಾಯ.

ಪದದ ಹುಟ್ಟು ಕಟ್ಟಿಕೊಂಡು ಏನಾಗಬೇಕು, 'ಪಾಂಡರ್' ಎನ್ನುವವನಿಗೆ ತೂಕದ ಕಲ್ಲು ನೆನಪಾಗುತ್ತದೆಯೇ ಎಂದು ಕೇಳಬಹುದು. ಆಗುವುದಿಲ್ಲ, ನಿಜ. ನಮ್ಮ ವಾದವೂ ಅದೇ. ಪದಕ್ಕೆ ಆಳ ಬರುವುದು ಬಳಕೆಯಿಂದ; ಶತಮಾನಗಳ ಕಾಲ ಅದರಲ್ಲಿ ವಾದಿಸಿದವರಿಂದ, ಬರೆದವರಿಂದ. 'ಚಿಂತನೆ', 'ಆಲೋಚನೆ' ಸಂಸ್ಕೃತದವಲ್ಲವೇ ಎಂಬುದು ಇನ್ನೊಂದು ಆಕ್ಷೇಪ. ಸಾಲ ತಂದದ್ದರಲ್ಲಿ ತಪ್ಪಿಲ್ಲ. ಇಂಗ್ಲಿಷೂ ಲ್ಯಾಟಿನ್ನಿನಿಂದ ಧಾರಾಳವಾಗಿ ತಂದಿತು, ಆದರೆ ತನ್ನ ಮನೆಯ 'ಥಿಂಕ್' ಅನ್ನು ಹೊರಗೆ ಹಾಕಲಿಲ್ಲ. ನಾವು ತಂದದ್ದನ್ನು ಜಗಲಿಯಲ್ಲಿ ಕೂರಿಸಿ, ಮನೆಯದನ್ನು ನಗೆನಾಟಕಕ್ಕೆ ಅಟ್ಟಿದ್ದೇವೆ.

ಕುಂದಾಪ್ರ ಕನ್ನಡಕ್ಕೆ ತಾಕತ್ತಿಲ್ಲ ಎನ್ನುವವರು ವೈದೇಹಿಯವರ ಕಥೆಗಳನ್ನು ಓದಲಿ. ಅಲ್ಲಿನ ಹೆಂಗಸರು ಇದೇ ಮಾತಿನಲ್ಲಿ ಬದುಕನ್ನು ಜಾಲಿಸಿ ನೋಡುತ್ತಾರೆ. 1918ರಲ್ಲಿ ಮೊಗೇರಿಯಲ್ಲಿ ಹುಟ್ಟಿದ ಗೋಪಾಲಕೃಷ್ಣ ಅಡಿಗರು ಕಾಲೇಜಿನಲ್ಲಿ ಕಲಿಸಿದ್ದು ಇಂಗ್ಲಿಷ್, 'ಸಾಕ್ಷಿ' ಪತ್ರಿಕೆ ನಡೆಸಿದ್ದು ಕನ್ನಡದಲ್ಲಿ. ಕೋಟದ ಶಿವರಾಮ ಕಾರಂತರು ವಿಜ್ಞಾನವನ್ನೂ ಕನ್ನಡಕ್ಕೆ ಒಗ್ಗಿಸಿದರು. ಕಥೆಗೆ, ವಾದಕ್ಕೆ, ವಿಜ್ಞಾನಕ್ಕೆ ಈ ನೆಲದವರು ನುಡಿಯನ್ನು ದುಡಿಸಿದ್ದಾರೆ. ಕುಂದಾಪ್ರ ಕನ್ನಡದಲ್ಲಿ ವಿಚಾರದ ಗದ್ಯ ಬೆಳೆಯಬೇಕಾದರೂ ಅಂಥದೇ ದುಡಿಮೆ ಬೇಕು. ಮುಂದಿನ ಸಂಚಿಕೆ ಅದಕ್ಕೇ ಮೀಸಲು: ನಗೆಬರಹ ಬೇಡ, ಎಣ್ಸಿ ಬರೆಯಿರಿ.