ಶಹೀದನ ಆಸ್ತಿ, ತಂಗಿಯ ಪಾಲು

ತನ್ನ ಆಸ್ತಿಯನ್ನು ಕಾಪಾಡಿಕೊಳ್ಳುವಾಗ ಕೊಲೆಯಾದವನು ಶಹೀದ್ ಎಂಬ ಹದೀಸನ್ನು ನಮ್ಮ ಗಂಡಸರಿಗೆ ಯಾರೂ ಬಾಯಿಪಾಠ ಮಾಡಿಸಬೇಕಾಗಿಲ್ಲ. ನಮ್ಮ ವಿನೋಬನಗರದಲ್ಲಿ ಕಾಂಪೌಂಡು ಗೋಡೆ ಅರ್ಧ ಅಡಿ ಆಚೀಚೆಯಾದರೂ ಸಾಕು, ಈ ಮಾತು ಹೊರಗೆ ಬರುತ್ತದೆ. ಊರಿನಲ್ಲಿ ಗಲಾಟೆಯಾಗಿ ಅಂಗಡಿ ಬಾಗಿಲು ಎಳೆದ ದಿನಗಳಲ್ಲಂತೂ ಇನ್ನೂ ಜೋರಾಗಿ ಬರುತ್ತದೆ. ಹದೀಸು ಸುಳ್ಳಲ್ಲ. ಬುಖಾರಿಯಲ್ಲೂ ಇದೆ, ಮುಸ್ಲಿಮ್ ಸಂಗ್ರಹದಲ್ಲೂ ಇದೆ. ನನ್ನ ತಕರಾರಿರುವುದು ಅದನ್ನು ಅರ್ಧಕ್ಕೆ ನಿಲ್ಲಿಸುವವರ ಮೇಲೆ.

ನಸಾಈ ಸಂಗ್ರಹದಲ್ಲಿ ಇದೇ ವಿಷಯ ಇನ್ನೂ ವಿವರವಾಗಿದೆ. ಒಬ್ಬ ಪ್ರವಾದಿಯವರ ಬಳಿ ಬಂದು, ನನ್ನ ಸೊತ್ತನ್ನು ಕಿತ್ತುಕೊಳ್ಳಲು ಬಂದವನಿಗೆ ಏನು ಮಾಡಲಿ ಎಂದು ಕೇಳುತ್ತಾನೆ. ಮೊದಲು ಅವನಿಗೆ ಅಲ್ಲಾಹನನ್ನು ನೆನಪಿಸು ಎಂಬ ಉತ್ತರ ಬರುತ್ತದೆ. ಕೇಳದಿದ್ದರೆ? ಸುತ್ತಲಿನ ಜನರ ನೆರವು ಕೋರು. ಅವರೂ ಇಲ್ಲದಿದ್ದರೆ? ಸುಲ್ತಾನನ ಬಳಿ ಹೋಗು. ಸುಲ್ತಾನ ದೂರವಿದ್ದರೆ? ಆಗ ಮಾತ್ರ ಹೋರಾಡು. ನಮ್ಮ ದೇಶದ ದಂಡಸಂಹಿತೆ ಹೇಳುವುದೂ ಹೆಚ್ಚುಕಡಿಮೆ ಇದನ್ನೇ: ಸರ್ಕಾರದ ರಕ್ಷಣೆ ಪಡೆಯಲು ಸಮಯವಿದ್ದಾಗ ಆತ್ಮರಕ್ಷಣೆಯ ಹೆಸರಿನಲ್ಲಿ ಕೈಯೆತ್ತುವಂತಿಲ್ಲ. ವಿನೋಬನಗರಕ್ಕೆ ತನ್ನದೇ ಪೊಲೀಸ್ ಠಾಣೆ ಇದೆ. ಇಲ್ಲಿ ಸುಲ್ತಾನ ದೂರವಿಲ್ಲ. ಹೀಗಿರುವಾಗ ಮೊದಲ ಮೂರು ಮೆಟ್ಟಿಲುಗಳನ್ನು ಹಾರಿ ಹದಿನೆಂಟರ ಹುಡುಗರಿಗೆ ಕೊನೆಯ ಮೆಟ್ಟಿಲನ್ನು ಮಾತ್ರ ತೋರಿಸುವವರು ಯಾವ ಧರ್ಮ ಹೇಳಿಕೊಡುತ್ತಿದ್ದಾರೆ?

ಇನ್ನೊಂದು ಪ್ರಶ್ನೆ. 'ತನ್ನ ಆಸ್ತಿ' ಎಂದರೆ ಯಾರದ್ದು? ಗಂಡಸಿನದ್ದು ಮಾತ್ರವೇ? ತಂದೆತಾಯಿ ಬಿಟ್ಟುಹೋದದ್ದರಲ್ಲಿ, ಅದು ಕಡಿಮೆಯಿರಲಿ ಹೆಚ್ಚಿರಲಿ, ಹೆಂಗಸಿಗೂ ನಿಗದಿಯಾದ ಪಾಲಿದೆ ಎಂದು ಕುರಾನಿನ ನಿಸಾ ಅಧ್ಯಾಯದ 7ನೇ ವಚನ ಹೇಳುತ್ತದೆ. ಮಗನ ಪಾಲಿನ ಅರ್ಧ ಮಗಳಿಗೆ. ಅರ್ಧ ಯಾಕೆ ಎಂಬ ಪ್ರಶ್ನೆಯನ್ನು ಇವತ್ತಿಗೆ ಬಿಡೋಣ. ಆ ಅರ್ಧವಾದರೂ ಎಷ್ಟು ಮಂದಿಯ ಕೈಗೆ ಬಂದಿದೆ? ಅವಳ ಆಸ್ತಿ ಕಸಿಯುವವನು ಕತ್ತಲಲ್ಲಿ ಗೋಡೆ ಹಾರಿ ಬರುವುದಿಲ್ಲ. ಮಿಠಾಯಿ ಡಬ್ಬ ಹಿಡಿದು ಹಗಲಿನಲ್ಲೇ ಬರುತ್ತಾನೆ, ಚಹಾ ಕುಡಿಯುತ್ತಾನೆ, ಆಮೇಲೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋಗಿ ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುತ್ತಾನೆ. ತವರಿನ ಬಾಗಿಲು ಮುಚ್ಚೀತೆಂಬ ಭಯಕ್ಕೆ ಅವಳು ಒತ್ತುತ್ತಾಳೆ. ನಮ್ಮ ಹಿಂದೂ ಗೆಳತಿಯರ ಪಾಡೇನೂ ಬೇರೆಯಲ್ಲ. ಕರ್ನಾಟಕ 1994ರಲ್ಲಿ, ಕೇಂದ್ರ 2005ರಲ್ಲಿ ಅವರಿಗಾಗಿ ಕಾನೂನು ತಿದ್ದಿದವು. ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ಮಾತ್ರ ನಿಂತಿಲ್ಲ.

ಎಂಟನೇ ವಯಸ್ಸಿಗೆ ನಮ್ಮ ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿದ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಬಂದಾಗ ಎಲ್ಲರೂ ಹೆಮ್ಮೆಪಟ್ಟೆವು. ಅವರ 'ಬೆಂಕಿ ಮಳೆ' ಕಥೆಯನ್ನು ಓದಿ ಹೆಮ್ಮೆಪಟ್ಟವರು ಎಷ್ಟು ಮಂದಿಯೋ! ಅದರಲ್ಲಿ ತಂಗಿ ಪಾಲು ಕೇಳಲು ಬಂದಾಗ, ಮುತವಲ್ಲಿ ಸಾಹೇಬರಿಗೆ ಕೋಮಿನ ಮಾನ ಕಾಪಾಡುವ ದೊಡ್ಡ ಕೆಲಸವೊಂದು ಸಿಕ್ಕಿಬಿಡುತ್ತದೆ.

ಒಂದು ಗೇಣು ನೆಲವನ್ನು ಅನ್ಯಾಯವಾಗಿ ತೆಗೆದುಕೊಂಡವನ ಕೊರಳಿಗೆ ಕಡೆಯ ದಿನ ಏಳು ಭೂಮಿಗಳ ಹೊರೆ ಬೀಳುತ್ತದೆ ಎಂಬ ಹದೀಸೂ ಇದೆ. ಅದನ್ನು ವರದಿ ಮಾಡಿದ ಸಯೀದ್ ಇಬ್ನ್ ಜೈದ್ ಅವರೇ ಆಸ್ತಿಗಾಗಿ ಸತ್ತವನು ಶಹೀದ್ ಎಂಬುದನ್ನೂ ವರದಿ ಮಾಡಿದವರಲ್ಲೊಬ್ಬರು. (ಅವರ ಮೇಲೆ ಒಬ್ಬ ಹೆಂಗಸು ಸುಳ್ಳು ದೂರು ಕೊಟ್ಟಿದ್ದಳೆಂಬ ಕಥೆಯನ್ನು ಮಾತ್ರ ನಮಗೆ ಮರೆಯದೆ ಹೇಳುತ್ತಾರೆ.) ಒಬ್ಬರೇ ಹೇಳಿದ ಎರಡು ಮಾತುಗಳಲ್ಲಿ ಒಂದು ಬೀದಿಗೆ ಬಂತು, ಇನ್ನೊಂದು ಕಿತಾಬಿನಲ್ಲೇ ಉಳಿಯಿತು. ಹೆರಿಗೆಯಲ್ಲಿ ಸತ್ತವಳಿಗೂ ಶಹೀದಳ ದರ್ಜೆಯಿದೆ ಎಂದು ನಮಗೆ ಸಮಾಧಾನ ಹೇಳುವವರಿದ್ದಾರೆ. ಸತ್ತ ಮೇಲಿನ ದರ್ಜೆಯ ವಿಷಯದಲ್ಲಿ ಇವರಷ್ಟು ಉದಾರಿಗಳಿಲ್ಲ.

ನಮ್ಮ ಬಡಾವಣೆಗೆ ಹೆಸರು ಕೊಟ್ಟ ವಿನೋಬಾ ಭಾವೆ 1951ರಲ್ಲಿ ಪೋಚಂಪಳ್ಳಿಯಿಂದ ಭೂದಾನ ಆರಂಭಿಸಿ, ನನ್ನನ್ನು ನಿಮ್ಮ ಆರನೇ ಮಗನೆಂದು ತಿಳಿದು ಪಾಲು ಕೊಡಿ ಎಂದು ಊರೂರು ತಿರುಗಿದರು. ಮಗಳೆಂದು ತಿಳಿಯಿರಿ ಎಂದು ಕೇಳಿದ್ದರೆ ಒಂದು ಗುಂಟೆಯಾದರೂ ಸಿಗುತ್ತಿತ್ತೇ?

ನಮ್ಮ ರಸ್ತೆಯಲ್ಲಿ ಒಬ್ಬ ಆಪಾ ಇದ್ದಾರೆ. ತಂದೆತಾಯಿ ಇಬ್ಬರೂ ಇಲ್ಲ, ಇಬ್ಬರು ತಮ್ಮಂದಿರು. ಮೂವತ್ತು-ನಲವತ್ತರ ಸೈಟಿನಲ್ಲಿ ಆಕೆಯ ಪಾಲು ಐದರಲ್ಲೊಂದು, ಅಂದರೆ 240 ಚದರಡಿ. ಒಂದು ಕೋಣೆ, ಒಂದು ಅಡುಗೆಮನೆ. ಆಕೆ ತಮ್ಮಂದಿರಿಗೆ ಅಲ್ಲಾಹನನ್ನು ನೆನಪಿಸಿದರು. ಹಿರಿಯರನ್ನು ಕೂರಿಸಿ ಮಾತಾಡಿಸಿದರು. ಎರಡೂ ಆಗದೆ ಸುಲ್ತಾನನ ಬಾಗಿಲಿಗೆ, ಎಂದರೆ ಸಿವಿಲ್ ಕೋರ್ಟಿಗೆ ಹೋದರು. 1937ರ ಶರೀಅತ್ ಕಾಯ್ದೆ ಆಕೆಯ ಬೆನ್ನಿಗಿದೆ. (ಆ ಕಾಯ್ದೆ ಬರೆದಾಗ ಕೃಷಿ ಜಮೀನನ್ನು ಹೊರಗಿಟ್ಟರು, ಯಾರ ಲಾಭಕ್ಕೆ ಎಂಬುದನ್ನು ನೀವೇ ಊಹಿಸಿ.) ಹದೀಸು ಹೇಳಿದ ಮೆಟ್ಟಿಲುಗಳನ್ನು ಒಂದೂ ಬಿಡದೆ ಹತ್ತಿದ ಆಕೆಗೆ ಮೊಹಲ್ಲಾದಲ್ಲಿ ಸಿಕ್ಕ ಹೆಸರು 'ತಮ್ಮಂದಿರನ್ನು ಕೋರ್ಟಿಗೆಳೆದವಳು'. ಈ ಬಕ್ರೀದಿಗೆ ಆ ಮನೆಯಿಂದ ಆಕೆಗೆ ಮಾಂಸದ ಪಾಲೂ ಬರಲಿಲ್ಲ.